ಮುಗ್ಗರಿಸುವ ಪೆಟ್ಟಿಗೆಯ ಪರವಾಗಿ

ಹೈ-ರೆಸ್ ಫೈಲು ಮನೆಯ ನೆಟ್‌ವರ್ಕ್ ಪ್ಲೇಯರ್‌ನಲ್ಲಿ ಮುಗ್ಗರಿಸಿದಾಗ ನಮ್ಮ ಸಂಗೀತ ಬಳಗದಲ್ಲಿ ಹೊರಬೀಳುವ ತೀರ್ಪು ಮೊದಲೇ ಬರೆದಿಟ್ಟಂತಿರುತ್ತದೆ: ಫೈಲು ಭಾರ, ಮನೆ ಬಡಕಲು. 24 ಬಿಟ್, 192 ಕಿಲೋಹರ್ಟ್ಸ್‌ನ ಸಂಗೀತವನ್ನು ಹೊರುವ ತಾಕತ್ತು ನಿಮ್ಮ ರೌಟರಿಗಿಲ್ಲ, ಕೇಬಲ್ಲಿಗಿಲ್ಲ, ಪ್ಲೇಯರಿಗಿಲ್ಲ, ಬದಲಿಸಿ. ಬದಲಿಸಿದ ಮೇಲೆ ಸರಾಗವಾಗಿ ನುಡಿದರೆ ಸಮಸ್ಯೆ ಮುಗಿಯಿತು, ಸಂಗೀತವೂ ಅರಳಿತು. ಈ ತೀರ್ಪಿನ ಎರಡೂ ಭಾಗ ತಪ್ಪು ಎಂಬುದು ನನ್ನ ವಾದ. ಮುಗ್ಗರಿಸುವುದಕ್ಕೆ ಫೈಲಿನ ಭಾರ ಕಾರಣವಾಗಿರುವುದು ಅಪರೂಪ. ಸರಾಗವಾಗಿ ನುಡಿಯುವುದಂತೂ ಯಾವುದಕ್ಕೂ ಸಾಕ್ಷಿಯಲ್ಲ. ಅನುಮಾನಿಸುವುದೇ ಆದರೆ ನಾನು ಮೊದಲು ಅನುಮಾನಿಸುವುದು ಅದನ್ನೇ.

ನಾನು ಹೈ-ರೆಸ್ ದ್ವೇಷಿಯಲ್ಲ. ಹೈದರಾಬಾದಿನ ಹಿಮಾಯತ್‌ನಗರದ ನಮ್ಮ ಫ್ಲ್ಯಾಟಿನಲ್ಲಿ ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಎಲ್ಲರೂ ಮನೆಯ ನೆಟ್‌ವರ್ಕಿಗೆ ಫೈಲು ಹಂಚುವ ಒಂದು ನ್ಯಾಸ್ ಪೆಟ್ಟಿಗೆಯೊಳಗೆ ಇದ್ದಾರೆ. ಸಿಕ್ಕಿದ ಅತ್ಯುತ್ತಮ ಪ್ರತಿಯನ್ನೇ ಇಟ್ಟುಕೊಳ್ಳುವ ಚಪಲ ನನಗೂ ಇದೆ. ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಕಡೆ ಸಿಗುವ ಗೆಳೆಯರ ಜೊತೆ ಈ ಜಗಳ ನಡೆದೇ ಇದೆ. ಕಲಬುರಗಿ, ರಾಯಚೂರುಗಳಿಂದ ಬಂದು ಇಲ್ಲೇ ನಿವೃತ್ತರಾದವರು ಅವರು. ಕೋಠಿಯ ಗುಜರಾತಿ ಗಲ್ಲಿಯಿಂದ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರ್‌ವರೆಗೆ ಯಾವ ಅಂಗಡಿಯಲ್ಲಿ ಡಿಜಿಟಲ್ ಸಂಕೇತವನ್ನು ಧ್ವನಿಯಾಗಿಸುವ ಯಾವ ಡ್ಯಾಕ್ ಸಿಗುತ್ತದೆ ಎಂಬುದು ಅವರಿಗೆ ಬಾಯಿಪಾಠ. ಅವರ ಕಿವಿಯ ಬಗ್ಗೆ ನನಗೆ ಗೌರವವಿದೆ. ಮನ್ಸೂರರ ತಾನವೊಂದು ಎಲ್ಲಿ ಮಡಿಚಿಕೊಂಡು ಸಮಕ್ಕೆ ಬರುತ್ತದೆ ಎಂಬುದನ್ನು ನನಗಿಂತ ಮೊದಲೇ ಕೈಯೆತ್ತಿ ತೋರಿಸಬಲ್ಲವರು. ನನ್ನ ತಕರಾರಿರುವುದು ಅವರ ರೋಗಪತ್ತೆಯ ಜೊತೆ.

ಮೊದಲು ಲೆಕ್ಕ. ಸಿಡಿಯ ದರ ಸೆಕೆಂಡಿಗೆ 1,411 ಕಿಲೋಬಿಟ್. 24/96 ಎಂದರೆ 4,608. 24/192 ಎಂದರೆ 9,216, ಅಂದರೆ ಒಂಬತ್ತು ಮೆಗಾಬಿಟ್ ಚಿಲ್ಲರೆ. ಇದು ಏನನ್ನೂ ಅಡಕಿಸದ ಲೆಕ್ಕ; ಫ್ಲ್ಯಾಕ್ ಎಂಬ ಫೈಲು ರೂಪ ಅದನ್ನು ಇನ್ನಷ್ಟು ಇಳಿಸುತ್ತದೆ, ಒಂದು ಬಿಟ್ಟನ್ನೂ ಕಳೆಯದೆ. ಪಕ್ಕದ ಕೋಣೆಯಲ್ಲಿ ಮಕ್ಕಳು ನೋಡುವ 4ಕೆ ಸಿನಿಮಾಕ್ಕೆ ನೆಟ್‌ಫ್ಲಿಕ್ಸ್ ಕೇಳುವುದು 15 ಮೆಗಾಬಿಟ್. ಸಿನಿಮಾ ನಿಲ್ಲದೆ ಓಡುತ್ತದೆ, ಭೈರವಿ ಮಾತ್ರ ಮುಗ್ಗರಿಸುತ್ತದೆ ಎಂದಮೇಲೆ ‘ಭಾರ’ ಎಂಬ ವಿವರಣೆ ಅಲ್ಲೇ ಬಿದ್ದುಹೋಗಬೇಕಿತ್ತು. ಬೀಳುವುದಿಲ್ಲ, ಏಕೆಂದರೆ ಅದರಲ್ಲೊಂದು ಸುಖವಿದೆ: ನನ್ನ ಫೈಲು ಎಷ್ಟು ಶ್ರೇಷ್ಠವೆಂದರೆ ನನ್ನ ಮನೆಯೇ ಅದನ್ನು ತಾಳಲಾರದು! ಬೇರೆ ಯಾವ ಯಂತ್ರದೋಷವೂ ತನ್ನ ಮಾಲೀಕನನ್ನು ಇಷ್ಟು ಹೊಗಳುವುದಿಲ್ಲ.

ಹಾಗಾದರೆ ಮುಗ್ಗರಿಸುವುದೇಕೆ? ಲಿಬರ್ಟಿಯಿಂದ ನಾರಾಯಣಗುಡದವರೆಗಿನ ರಸ್ತೆಯ ಇಕ್ಕೆಲದಲ್ಲಿ, ಹೆಸರಿನ ಬದಲು ನಂಬರು ಹೊತ್ತ ಗಲ್ಲಿಗಳಲ್ಲಿ, ಗೋಡೆಗೆ ಗೋಡೆ ತಾಗಿ ಅಪಾರ್ಟ್‌ಮೆಂಟುಗಳು ನಿಂತಿವೆ. ಮನೆಗೊಂದು ರೌಟರ್. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6, 11. ಇಡೀ ಕಟ್ಟಡ ಆ ಮೂರರಲ್ಲೇ ಮಾತಾಡಬೇಕು. ಮೇಲಿನ ಮನೆಯ ಮೈಕ್ರೋವೇವ್ ಒಲೆಯೂ ಅದೇ ಪಟ್ಟಿಯಲ್ಲಿ ಗದ್ದಲ ಹಾಕುತ್ತದೆ. ಇಂಥಲ್ಲಿ ಸರಾಸರಿ ವೇಗ ಮೂವತ್ತು, ನಲವತ್ತು ಮೆಗಾಬಿಟ್ ಇದ್ದರೂ ನಡುನಡುವೆ ಒಂದೆರಡು ಸೆಕೆಂಡು ಏನೂ ಬಾರದೆ ಹೋಗಬಹುದು. ಸ್ಪೀಡ್ ಟೆಸ್ಟ್ ತೋರಿಸುವುದು ಸರಾಸರಿಯನ್ನು. ಪ್ಲೇಯರ್ ಬಳಲುವುದು ಆ ಬಿಡುವಿನಿಂದ. ಸಿನಿಮಾ ಮುಂದಿನ ದೃಶ್ಯಗಳನ್ನು ಸಾಕಷ್ಟು ಮೊದಲೇ ತಂದಿಟ್ಟುಕೊಂಡಿರುತ್ತದೆ, ಹಾಗಾಗಿ ಬಚಾವಾಗುತ್ತದೆ. ಅನೇಕ ಸಂಗೀತ ಪ್ಲೇಯರ್‌ಗಳ ಬಫರ್ ಪುಟ್ಟದು.

ಇಲ್ಲಿ ಭಾರವಾದಿಗಳಿಗೆ ಅರ್ಧ ಅಂಕ ಕೊಡಲೇಬೇಕು. ಸಿಡಿ ಗುಣಮಟ್ಟದ ಹತ್ತು ಸೆಕೆಂಡು ಸಂಗೀತವನ್ನು ಹಿಡಿಯುವ ಬಫರ್, 24/192 ಆದಾಗ ಒಂದೂವರೆ ಸೆಕೆಂಡನ್ನಷ್ಟೇ ಹಿಡಿಯುತ್ತದೆ. ಎರಡು ಸೆಕೆಂಡಿನ ಬಿಡುವನ್ನು ಸಿಡಿ ಫೈಲು ದಾಟುತ್ತದೆ, ಹೈ-ರೆಸ್ ಫೈಲು ದಾಟುವುದಿಲ್ಲ. ಆದ್ದರಿಂದ ‘ದೊಡ್ಡ ಫೈಲು ಮಾತ್ರ ನಿಲ್ಲುತ್ತದೆ’ ಎಂಬ ಅವರ ಅನುಭವ ಸುಳ್ಳಲ್ಲ. ಅದರಿಂದ ಅವರು ಇಳಿಸುವ ನಿರ್ಣಯ ಸುಳ್ಳು. ಮದ್ದು ಕೋಠಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುವ ಸಾಧಾರಣ ಲ್ಯಾನ್ ಕೇಬಲ್. ಗೋಡೆಯಂಚಿನಲ್ಲಿ ಎಳೆದರೆ ಮನೆಯವರು ಗೊಣಗುತ್ತಾರೆ, ಅಷ್ಟೇ. ಆದರೆ ನಮ್ಮ ಬಳಗ ಸೂಚಿಸುವುದು ಸಾವಿರಾರು ರೂಪಾಯಿಯ ‘ಆಡಿಯೋಫೈಲ್’ ಕೇಬಲ್ಲನ್ನು, ಆಡಿಯೋಫೈಲ್ ಸ್ವಿಚ್ಚನ್ನು. ಅವು ತಂಬೂರಿಯನ್ನು ಇನ್ನಷ್ಟು ಝೇಂಕರಿಸುವಂತೆ ಮಾಡುತ್ತವಂತೆ. ಫೈಲು ಬರುವುದು ಟಿಸಿಪಿ ನಿಯಮದಂತೆ: ದಾರಿಯಲ್ಲಿ ಕೆಟ್ಟ ಪೊಟ್ಟಣವನ್ನು ಮತ್ತೆ ತರಿಸಿಕೊಳ್ಳಲಾಗುತ್ತದೆ, ಬಂದದ್ದು ಕಳಿಸಿದ್ದಕ್ಕೆ ಸಮವಾಗಿರುತ್ತದೆ, ಇಲ್ಲವಾದರೆ ಬರುವುದೇ ಇಲ್ಲ. ಈಥರ್ನೆಟ್ ಕಿಂಡಿಯೊಳಗೆ ವಿದ್ಯುತ್ ಸಂಪರ್ಕವನ್ನು ಬೇರ್ಪಡಿಸುವ ಪುಟ್ಟ ಟ್ರಾನ್ಸ್‌ಫಾರ್ಮರ್ ಮೊದಲೇ ಕೂತಿರುತ್ತದೆ. ಆಂಪ್ಲಿಫೈಯರಿನ ಗುಂಯ್ ಸದ್ದಿಗೆ ಅರ್ಥಿಂಗ್ ನೋಡಿ. ಅದು ನಿಜವಾದ ದೋಷ, ಅದಕ್ಕೂ ಫೈಲಿಗೂ ನಂಟಿಲ್ಲ.

ಮುಗ್ಗರಿಸುವಿಕೆಯನ್ನು ನಾನು ದೋಷಕ್ಕಿಂತ ಹೆಚ್ಚಾಗಿ ಹೇಳಿಕೆಯಾಗಿ ಓದುತ್ತೇನೆ, ಮತ್ತು ಅದರಲ್ಲಿ ಮುಖ್ಯವಾದದ್ದು ಸಮಯ. ಕಛೇರಿಯಲ್ಲಿ ಯಾವ ಮಾತ್ರೆಯಲ್ಲಿ ಏನಾಯಿತು ಎಂದು ಎಣಿಸುವ ರಸಿಕ ಇಲ್ಲೇಕೆ ಎಣಿಸುವುದಿಲ್ಲ ಎಂಬುದೇ ನನಗೆ ಬಗೆಹರಿಯದ ಸೋಜಿಗ. ದಿನದ ಮೊದಲ ಹಾಡು ಮಾತ್ರ ತಡವಾಗಿ ಶುರುವಾದರೆ ನ್ಯಾಸ್‌ನ ಹಾರ್ಡ್‌ಡಿಸ್ಕ್ ನಿದ್ದೆಯಿಂದೇಳುತ್ತಿದೆ. ಪ್ರತಿ ಹಾಡಿನ ಕೊನೆಯ ಕೆಲವು ಸೆಕೆಂಡು ಕತ್ತರಿಸಿಹೋದರೆ, ಸರ್ವರ್ ಫೈಲನ್ನು ಹಾಗೇ ಕೊಡದೆ ಬೇರೆ ರೂಪಕ್ಕೆ ತಿರುಗಿಸಿ ಕೊಡುತ್ತಿರಬಹುದು, ಅಳತೆ ತಪ್ಪಿದೆ. ಒಂದು ಆಲ್ಬಮ್ ಇಡಿಯಾಗಿ ನಿರಾಕರಣೆಯಾಗಿ ಪಕ್ಕದ್ದು ನುಡಿದರೆ, ದರವನ್ನು ಬಿಟ್ಟು ಫೈಲಿನ ತಲೆಭಾಗ ನೋಡಬೇಕು.

ಈ ತಲೆಭಾಗದ ಕಥೆ ಸ್ವಲ್ಪ ವಿವರವಾಗಿಯೇ ಹೇಳಬೇಕಾದದ್ದು. ಫ್ಲ್ಯಾಕ್ ಫೈಲಿನಲ್ಲಿ ಧ್ವನಿಗಿಂತ ಮೊದಲು ಮಾಹಿತಿಯ ತುಂಡುಗಳು ಬರುತ್ತವೆ: ಹೆಸರು, ರಾಗ, ತಾಳ, ಮುಖಪುಟದ ಚಿತ್ರ. ಒಂದೊಂದು ತುಂಡೂ ಹದಿನಾರು ಮೆಗಾಬೈಟ್‌ವರೆಗೆ ಬೆಳೆಯಬಹುದು. ನಮ್ಮವರು ಎಲ್‌ಪಿಯ ಹೊದಿಕೆಯನ್ನು ಭಕ್ತಿಯಿಂದ ಅತಿ ಸೂಕ್ಷ್ಮವಾಗಿ ಸ್ಕ್ಯಾನ್ ಮಾಡಿ, ಆ ದೈತ್ಯ ಚಿತ್ರವನ್ನು ಪ್ರತಿ ಹಾಡಿನೊಳಗೂ ತುರುಕುತ್ತಾರೆ. ಸಣ್ಣ ಮೆಮೊರಿಯ ಪ್ಲೇಯರ್ ಮೊದಲ ‘ಸಾ’ ಕೇಳಿಸುವ ಮುನ್ನ ಮನ್ಸೂರರ ರುಮಾಲನ್ನು ನುಂಗಬೇಕು. ಕೆಲವು ಅಲ್ಲೇ ಉಸಿರುಕಟ್ಟಿ ನಿಲ್ಲುತ್ತವೆ. ಆಗ ಕೇಳಿಬರುವ ಮಾತು: ನೋಡಿದಿರಾ, 192ನ್ನು ತಾಳಲಿಲ್ಲ! ಚಿತ್ರವನ್ನು ಸಣ್ಣದು ಮಾಡಿ ಹಾಕಿದರೆ ಅದೇ 192 ಅದೇ ಪೆಟ್ಟಿಗೆಯಲ್ಲಿ ಏನೂ ಆಗದವರಂತೆ ಹಾಡುತ್ತದೆ. ಫೈಲು ನಿಜವಾಗಿಯೂ ಕೆಟ್ಟಿದೆಯೇ ಎಂಬ ಸಂಶಯವಿದ್ದರೆ ಅದನ್ನೂ ಊಹಿಸಬೇಕಾಗಿಲ್ಲ. ಮೂಲ ಧ್ವನಿಯ ಬೆರಳಚ್ಚಿನಂತಿರುವ ಎಂಡಿ5 ಮೊತ್ತವನ್ನು ಫ್ಲ್ಯಾಕ್ ತನ್ನೊಳಗೇ ಬರೆದಿಟ್ಟುಕೊಳ್ಳುತ್ತದೆ, ಪರೀಕ್ಷಿಸಲು ಒಂದು ಆಜ್ಞೆ ಸಾಕು. ಜೋಶ್ ಕೋಲ್ಸನ್ 2001ರಲ್ಲಿ ಅದರ ಮೊದಲ ಪೂರ್ಣ ಆವೃತ್ತಿಯನ್ನು ಹೊರತಂದಾಗಿನಿಂದ ಇರುವ ಈ ಅನುಕೂಲವನ್ನು ಬಳಸದೆ, ಫೈಲನ್ನು ಮತ್ತೆ ಮತ್ತೆ ಇಳಿಸಿಕೊಳ್ಳುವವರನ್ನು ಕಂಡು ನನಗೆ ಬೇಸರ.

ಕನ್ನಡಿಗರಿಗೇ ಮೀಸಲಾದ ತೊಡಕೂ ಒಂದಿದೆ. ಫೈಲಿಗೆ ಕನ್ನಡದಲ್ಲಿ ಹೆಸರಿಡುವುದು ನನಗೆ ಪ್ರಿಯ. ಆದರೆ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟು; ‘ಶುದ್ಧ’ದಲ್ಲಿ ಕಣ್ಣಿಗೆ ಕಾಣುವುದು ಎರಡು ಅಕ್ಷರವಾದರೂ ಒಳಗೆ ಸಂಕೇತ ಐದು. ಲಿನಕ್ಸ್ ಆಧಾರಿತ ನ್ಯಾಸ್‌ಗಳಲ್ಲಿ ಫೈಲಿನ ಹೆಸರಿಗೆ ಸಾಮಾನ್ಯವಾಗಿ 255 ಬೈಟಿನ ಮಿತಿ. ಅಂದರೆ 85 ಸಂಕೇತ. ಗಾಯಕ, ರಾಗ, ತಾಳ, ಬಂದಿಶ್, ಸಾಥಿದಾರರು, ಊರು, ಇಸವಿ ಎಲ್ಲವನ್ನೂ ಹೆಸರಿನಲ್ಲೇ ಬರೆದರೆ ಆ ಗಡಿ ಎಲ್ಲೋ ತಬಲಾ ವಾದಕರ ಹೆಸರಿನ ನಡುವೆ ಮುಗಿಯುತ್ತದೆ. ವಿಂಡೋಸ್ ಎಣಿಸುವ ರೀತಿಯೇ ಬೇರೆಯಾದ್ದರಿಂದ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿದ್ದ ಫೈಲು ನ್ಯಾಸ್‌ಗೆ ಇಳಿಯುವುದೇ ಇಲ್ಲ. ಇಂಗ್ಲಿಷಿನಲ್ಲಿ ಹೆಸರಿಟ್ಟ ಸಿಡಿ ಪ್ರತಿ ಇಳಿಯುತ್ತದೆ, ಕನ್ನಡ ಹೆಸರಿನ ಹೈ-ರೆಸ್ ಪ್ರತಿ ಇಳಿಯುವುದಿಲ್ಲ. ತಪ್ಪು ಮತ್ತೆ ಬೀಳುವುದು ಹೈ-ರೆಸ್ ಎಂಬುದರ ತಲೆಗೇ. ಗಾತ್ರಕ್ಕೂ ಇದಕ್ಕೂ ಸಂಬಂಧವಿಲ್ಲ. ವಿವರಗಳು ಹೆಸರಿನಲ್ಲಲ್ಲ, ಟ್ಯಾಗ್‌ನಲ್ಲಿ ಇರಬೇಕು. ಫ್ಲ್ಯಾಕ್‌ನ ಟ್ಯಾಗ್ ಕನ್ನಡವನ್ನು ಧಾರಾಳವಾಗಿ ಒಪ್ಪುತ್ತದೆ. ಪ್ಲೇಯರಿನ ಪರದೆಯಲ್ಲಿ ಕನ್ನಡದ ಅಕ್ಷರಶೈಲಿ ಇಲ್ಲದೆ ಚೌಕ ಚೌಕ ಕಂಡರೆ ಅದು ತಯಾರಕರ ಸೋಮಾರಿತನ, ಫೈಲಿನದಲ್ಲ.

ಇನ್ನು ತೀರ್ಪಿನ ಎರಡನೆಯ ಭಾಗ. ‘ಈಗ ಸರಾಗವಾಗಿ ನುಡಿಯುತ್ತಿದೆ’ ಎಂದು ಒಬ್ಬರು ಹೇಳಿದಾಗ ನಾನು ಕೇಳುವ ಪ್ರಶ್ನೆ ಒಂದೇ: ಏನು ನುಡಿಯುತ್ತಿದೆ? 2003ರಲ್ಲಿ ಸೋನಿ, ಇಂಟೆಲ್ ಮೊದಲಾದವರು ಕಟ್ಟಿದ ಡಿಎಲ್‌ಎನ್‌ಎ ಒಕ್ಕೂಟದ ನಿಯಮಗಳಲ್ಲಿ ಮನೆಯ ಸಾಧನಗಳಿಗೆ ಕಡ್ಡಾಯವಾಗಿದ್ದದ್ದು ಏನನ್ನೂ ಅಡಕಿಸದ ಸರಳ ಎಲ್‌ಪಿಸಿಎಂ; ಫ್ಲ್ಯಾಕ್ ಆ ಕಡ್ಡಾಯ ಪಟ್ಟಿಯಲ್ಲಿರಲಿಲ್ಲ. ಒಕ್ಕೂಟ 2017ರಲ್ಲಿ ಬಾಗಿಲು ಹಾಕಿತು, ಅದರ ನಡವಳಿಕೆ ನಮ್ಮ ಪೆಟ್ಟಿಗೆಗಳಲ್ಲಿ ಉಳಿದಿದೆ. ಪ್ಲೇಯರ್ ‘ನನಗೆ ಫ್ಲ್ಯಾಕ್ ಬರುತ್ತದೆ’ ಎಂದು ಸರಿಯಾದ ಹೆಸರಿನಲ್ಲಿ ಹೇಳಿಕೊಳ್ಳದಿದ್ದರೆ, ಸರ್ವರ್ ಜಗಳವಾಡದೆ ಫೈಲನ್ನು 16/44.1ಕ್ಕೆ, ಕೆಲವು ಸಲ ಎಂಪಿ3ಗೆ ತಿರುಗಿಸಿ ಕೈಗಿಡುತ್ತದೆ. ಕೂಡಲೇ ಮುಗ್ಗರಿಸುವುದು ನಿಲ್ಲುತ್ತದೆ! ಸಮಸ್ಯೆ ಪರಿಹಾರವಾಯಿತು ಎಂದು ಕಾಫಿ ಕುಡಿಯುತ್ತೇವೆ.

ಇಂಥ ಸದ್ದಿಲ್ಲದ ಇಳಿತಗಳು ದಾರಿಯುದ್ದಕ್ಕೂ ಇವೆ. ಮೊದಲ ತಲೆಮಾರಿನ ಏರ್‌ಪ್ಲೇ ದಾಟಿಸುವುದು 16/44.1 ಅನ್ನು. ಬ್ಲೂಟೂತ್‌ನಲ್ಲಿ ಸೋನಿಯ ಎಲ್‌ಡ್ಯಾಕ್ ಗರಿಷ್ಠ 990 ಕಿಲೋಬಿಟ್ ಕೊಡುತ್ತದೆ, ಸಿಡಿಯ ಕಚ್ಚಾ ದರಕ್ಕಿಂತಲೂ ಕಡಿಮೆ. ಅದರ ಡಬ್ಬಿಯ ಮೇಲೂ ಹೈ-ರೆಸ್ ಎಂಬ ಬಂಗಾರದ ಚೀಟಿ ಇರುತ್ತದೆ. ವಿಂಡೋಸ್‌ನ ಸಾಮಾನ್ಯ ಧ್ವನಿಮಾರ್ಗ ಎಲ್ಲವನ್ನೂ ಸೆಟ್ಟಿಂಗಿನಲ್ಲಿ ಬರೆದಿಟ್ಟ ಒಂದೇ ದರಕ್ಕೆ ಎರಕ ಹೊಯ್ಯುತ್ತದೆ. ಆಪ್ಟಿಕಲ್ ತಂತಿ ಅನೇಕ ಸಾಧನಗಳಲ್ಲಿ 96ರಾಚೆ ನಂಬಿಕೆಗೆ ಅರ್ಹವಲ್ಲ. ಹಳೆಯ ಯುಎಸ್‌ಬಿ ಆಡಿಯೋ ಕ್ಲಾಸ್ 1ರ ಡ್ಯಾಕ್‌ಗೂ ಗಡಿ 24/96. ಇವುಗಳಲ್ಲಿ ಯಾವುದೂ ‘ನನ್ನಿಂದಾಗದು’ ಎಂದು ಬಾಯಿಬಿಡುವುದು ಕಡಿಮೆ. ಮುಗ್ಗರಿಸುವ ಪೆಟ್ಟಿಗೆಯಾದರೋ, ತನ್ನ ಕೈಲಾಗದ್ದನ್ನು ಕೈಲಾಗದು ಎಂದೇ ಹೇಳುತ್ತದೆ. ಅದರ ಮೇಲೆ ನನಗೆ ಅಭಿಮಾನವಿರುವುದು ಆ ಕಾರಣಕ್ಕೆ.

ತಿಳಿಯುವ ದಾರಿಯಿಲ್ಲವೆಂದಲ್ಲ. ಒಳಬರುವ ದರವನ್ನು ತೋರಿಸುವ ಡ್ಯಾಕ್ ಇದ್ದರೆ ಅದರ ಮುಖ ನೋಡಿದರಾಯಿತು. ಇನ್ನೂ ಕಟುವಾದ ಪರೀಕ್ಷೆ ಬೇಕೆಂದರೆ ಸುತ್ತುಧ್ವನಿಯ ಡಿಟಿಎಸ್ ಸಂಕೇತವಿರುವ ಸಿಡಿಯೊಂದನ್ನು ಫ್ಲ್ಯಾಕ್ ಮಾಡಿ, ಪ್ಲೇಯರಿನ ಡಿಜಿಟಲ್ ಕಿಂಡಿಯಿಂದ ಹೋಮ್ ಥಿಯೇಟರ್ ರಿಸೀವರಿಗೆ ಕಳಿಸಿ. ದಾರಿಯಲ್ಲಿ ಯಾರಾದರೂ ಬಿಟ್ಟುಗಳನ್ನು ಮುಟ್ಟಿದ್ದರೆ, ವಾಲ್ಯೂಮನ್ನು ಕೂದಲೆಳೆಯಷ್ಟು ತಗ್ಗಿಸಿದ್ದರೂ, ಸಂಗೀತದ ಬದಲು ಬರೀ ಭರ್ರೆಂಬ ಸದ್ದು ಬರುತ್ತದೆ. ಈ ಪರೀಕ್ಷೆ ಮಾಡಿಸಿಕೊಳ್ಳಲು ನನ್ನ ಗೆಳೆಯರು ತೋರುವ ಹಿಂಜರಿಕೆಯೇ ನನಗೆ ಅರ್ಥಪೂರ್ಣವಾಗಿ ಕಾಣುತ್ತದೆ. ಏಕೆಂದರೆ ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತದೆ: ಇಷ್ಟು ದಿನ 16/44.1 ಅನ್ನೇ ಕೇಳುತ್ತಿದ್ದರೆ, ಹೈ-ರೆಸ್‌ನ ಆ ಗಾಳಿ, ಆ ಅವಕಾಶ, ಆ ತೆರೆದುಕೊಳ್ಳುವಿಕೆ ಎಲ್ಲಿಂದ ಬಂತು?

ಅದು ಅಂಕಿಯಿಂದ ಬಂದದ್ದಲ್ಲ ಎಂಬ ನನ್ನ ಸಂಶಯಕ್ಕೆ ಹೊರಗಿನ ಸಾಕ್ಷ್ಯವಿದೆ. 2007ರಲ್ಲಿ ಮೇಯರ್ ಮತ್ತು ಮೊರಾನ್ ಆಡಿಯೋ ಎಂಜಿನಿಯರಿಂಗ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹೈ-ರೆಸ್ ಧ್ವನಿಯ ದಾರಿಯಲ್ಲಿ ಸಿಡಿ ಗುಣಮಟ್ಟದ ಪರಿವರ್ತಕವನ್ನು ಕದ್ದು ಸೇರಿಸಿ, ಕೇಳುಗರು ಗುರುತಿಸುತ್ತಾರೆಯೇ ಎಂದು ನೋಡಿದರು. 554 ಪ್ರಯತ್ನಗಳಲ್ಲಿ ಸರಿಯಾದದ್ದು 276. ನಾಣ್ಯ ಚಿಮ್ಮಿದರೂ ಬರುವ ಫಲ. ಎದುರು ಪಕ್ಷದ ಸಾಕ್ಷ್ಯವನ್ನೂ ಮುಚ್ಚಿಡಬಾರದು: 2016ರಲ್ಲಿ ಜೋಶುವಾ ರೈಸ್ 18 ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದಾಗ ಸರಿಯುತ್ತರ ಶೇಕಡಾ 52.3 ಬಂತು, ತರಬೇತಿ ಪಡೆದವರಲ್ಲಿ ಅಂತರ ಇನ್ನೂ ಸ್ಪಷ್ಟವಿತ್ತು. ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಅದು ಶೂನ್ಯವಲ್ಲ, ನಾನದನ್ನು ಗೌರವಿಸುತ್ತೇನೆ. ಆದರೆ ‘ತೆರೆ ಸರಿದಂತಾಯಿತು’ ಎಂದು ಬರೆಯುವ ವಿಮರ್ಶಕ, ಆ ತೆರೆ ನೂರರಲ್ಲಿ ಎರಡು ಸಲ ಮಾತ್ರ ಆಕಸ್ಮಿಕಕ್ಕಿಂತ ಹೆಚ್ಚಾಗಿ ಸರಿಯುತ್ತದೆ ಎಂಬುದನ್ನೂ ಓದುಗರಿಗೆ ಹೇಳಬೇಕಲ್ಲವೇ?

ಗೆಳೆಯರು ಇಲ್ಲಿ ಒಂದು ಜಾಣ ಉತ್ತರ ಕೊಡುತ್ತಾರೆ: ಆ ಪ್ರಯೋಗಗಳು ಪಾಶ್ಚಾತ್ಯ ಸಂಗೀತದ್ದು, ನಮ್ಮ ತಂಬೂರಿಯ ಜೀವಾರಿ, ಆ ಝೇಂಕಾರ, ಅವರಿಗೇನು ಗೊತ್ತು? ಆಕರ್ಷಕ ವಾದ. ತಂತಿಯ ಸಾಮಾನ್ಯ ನಿಯಮಗಳನ್ನು ಮೀರಿ ತಂಬೂರಿ, ವೀಣೆಗಳು ಉಪಸ್ವರಗಳನ್ನು ಹೊಮ್ಮಿಸುವುದು ಹೇಗೆಂದು ಸಿ.ವಿ. ರಾಮನ್ 1921ರಲ್ಲೇ ಬರೆದರು. ಆ ಸಮೃದ್ಧಿ ನಿಜ. ಆದರೆ ಜೀವಾರಿಯಲ್ಲಿ ನಾವು ಸವಿಯುವುದೆಲ್ಲ ನಮ್ಮ ಕಿವಿ ಹಿಡಿಯಬಲ್ಲ ವ್ಯಾಪ್ತಿಯ ಒಳಗೇ ಇದೆ, ಅದನ್ನು 44.1 ಆರಾಮವಾಗಿ ಹಿಡಿಯುತ್ತದೆ. ಅರವತ್ತು ದಾಟಿದ ನಮ್ಮ ಕಿವಿಗಳು ಹದಿನೈದು ಸಾವಿರವನ್ನೂ ಮುಟ್ಟುವುದಿಲ್ಲ ಎಂಬ ಅಪ್ರಿಯ ಸತ್ಯವನ್ನು ಬದಿಗಿಡೋಣ. ತಂಬೂರಿಯನ್ನು ಕೊಲ್ಲುವವನು ಬೇರೆ ಇದ್ದಾನೆ: ಹಳೆಯ ಮುದ್ರಣದಿಂದ ‘ಹಿಸ್’ ತೆಗೆಯುವ ತಂತ್ರಾಂಶ. ಬದಲಾಗದೆ ಹಿನ್ನೆಲೆಯಲ್ಲಿ ಮುಂದುವರಿಯುವುದನ್ನು ಅದು ಕಸವೆಂದು ಬಗೆಯುತ್ತದೆ, ಮತ್ತು ತಂಬೂರಿಯ ಕೆಲಸವೇ ಬದಲಾಗದೆ ಹಿನ್ನೆಲೆಯಲ್ಲಿ ಮುಂದುವರಿಯುವುದು. ಹೀಗೆ ತಂಬೂರಿ ತೊಳೆದುಹೋದ ಮುದ್ರಣವನ್ನು 192ರಲ್ಲಿ ಮಾರಿದರೆ ನಮಗೆ ಸಿಗುವುದು ಅತಿ ನಿಖರವಾದ ನಿಶ್ಶಬ್ದ.

ಹಾಗೆಂದು ‘ಎಂಪಿ3 ಸಾಕು, ಉಳಿದದ್ದೆಲ್ಲ ಢೋಂಗಿ’ ಎನ್ನುವವರ ಪಕ್ಷಕ್ಕೂ ನಾನು ಸೇರಲಾರೆ. ಮೇಯರ್ ಮತ್ತು ಮೊರಾನ್ ಅವರೇ ದಾಖಲಿಸಿದ ಮಾತೊಂದನ್ನು ಆ ಪಕ್ಷ ಮರೆಯುತ್ತದೆ: ಹೈ-ರೆಸ್ ಎಂದು ಬಿಡುಗಡೆಯಾದ ಮುದ್ರಿಕೆಗಳು ಹೆಚ್ಚಿನ ಸಿಡಿಗಳಿಗಿಂತ ಚೆನ್ನಾಗಿದ್ದವು, ಅವುಗಳ ಮಾಸ್ಟರಿಂಗ್ ಎಚ್ಚರದಿಂದ ನಡೆದಿದ್ದರಿಂದ. ಹಳೆಯ ತಟ್ಟೆಗಳನ್ನು ಸಂರಕ್ಷಿಸುವ ಸಂಗ್ರಹಾಲಯಗಳು 24/96ರಲ್ಲಿ ವರ್ಗಾಯಿಸುವುದೂ ಸರಿಯೇ. ಗೀರಿನ ಚಟಪಟ ಸದ್ದು ಪೂರ್ಣ ಆಕಾರದಲ್ಲಿ ದಾಖಲಾದಷ್ಟೂ ಅದನ್ನು ಸಂಗೀತದಿಂದ ಬೇರ್ಪಡಿಸುವುದು ಸುಲಭ. ಅಲ್ಲಿ ದೊಡ್ಡ ಅಂಕಿಗೆ ಕೆಲಸವಿದೆ. ನನ್ನ ಜಗಳವೆಲ್ಲ ಆ ಅಂಕಿಯನ್ನು ಮನೆಯ ಪ್ಲೇಯರಿನ ಪರದೆಯ ಮೇಲೆ ಪದವಿಯಂತೆ ಧರಿಸುವುದರ ವಿರುದ್ಧ.

ಆ ಪದವಿಯ ಗದ್ದಲದಲ್ಲಿ ನಮ್ಮ ಸಂಗೀತವನ್ನು ನಿಜಕ್ಕೂ ಗಾಯಗೊಳಿಸುವ ದೋಷಗಳು ಯಾರ ಪಟ್ಟಿಗೂ ಬರುವುದಿಲ್ಲ. 78ರ ತಟ್ಟೆ ರಾಗಕ್ಕೆ ಮೂರು ಚಿಲ್ಲರೆ ನಿಮಿಷ ಕೊಟ್ಟಿತು. ಎಲ್‌ಪಿಯ ಒಂದು ಬದಿ ಇಪ್ಪತ್ತರ ಆಸುಪಾಸು. ಸಿಡಿ 74. ಇನ್ನು ಎಲ್ಲೆಯೇ ಇಲ್ಲ ಎಂದು ಬೀಗುವ ಕಾಲದಲ್ಲಿ, ವೇವ್ ಫೈಲಿನ ಗಾತ್ರವನ್ನು ಬರೆಯಲು ಇರುವ ಜಾಗ 32 ಬಿಟ್ ಮಾತ್ರ, ಅಂದರೆ ನಾಲ್ಕು ಗಿಗಾಬೈಟ್. 24/192ರಲ್ಲಿ ಅದು ತುಂಬುವುದು 62 ನಿಮಿಷಕ್ಕೆ. ಫ್ಯಾಟ್32 ಪೆನ್‌ಡ್ರೈವಿಗೂ ಅದೇ ಮಿತಿ. ನಾಲ್ಕು ನಿಮಿಷದ ಪಾಪ್ ಹಾಡಿನವರಿಗೆ ಈ ಗೋಡೆ ಕಾಣುವುದೇ ಇಲ್ಲ. ರಾತ್ರಿ ಕಛೇರಿಯ ದರ್ಬಾರಿಗೆ ಕಾಣುತ್ತದೆ: ಅತ್ಯುನ್ನತ ಗುಣಮಟ್ಟದ ವೇವ್‌ನಲ್ಲಿ ಅದು ಸಿಡಿಗಿಂತ ಮೊದಲೇ ತುಂಡಾಗುತ್ತದೆ. ತುಂಡು ಮಾಡಿದ ಮೇಲೆ ಜೋಡಿಸುವ ಪ್ರಶ್ನೆ. ಮುಂದಿನ ಟ್ರ್ಯಾಕನ್ನು ಮೊದಲೇ ಹೇಳಿಟ್ಟು ಎಡೆಬಿಡದೆ ನುಡಿಸುವ ವ್ಯವಸ್ಥೆ, ಈ ಸಾಧನಗಳು ಪರಸ್ಪರ ಮಾತಾಡುವ ಯುಪಿಎನ್‌ಪಿ ನಿಯಮದಲ್ಲಿ ಇದೆ, ಆದರೆ ಐಚ್ಛಿಕ. ಅದನ್ನು ಬಿಟ್ಟ ಪ್ಲೇಯರಿನಲ್ಲಿ ವಿಲಂಬಿತದಿಂದ ದ್ರುತಕ್ಕೆ ದಾಟುವ ಆ ಒಂದು ಸಮದ ಮೇಲೆ ಅರ್ಧ ಸೆಕೆಂಡು ಮೌನ ಬೀಳುತ್ತದೆ. ತಾಳ ಮುರಿಯುತ್ತದೆ. 192 ಅನ್ನು ಗುರುತಿಸಲಾರದ ಕಿವಿಯೂ ಇದನ್ನು ಗುರುತಿಸುತ್ತದೆ. ಕೊಳ್ಳುವಾಗ ಎಡೆಬಿಡದೆ ನುಡಿಸುತ್ತದೆಯೇ ಎಂದು ಎಷ್ಟು ಜನ ಕೇಳುತ್ತಾರೆ?

ಇದಕ್ಕಿಂತ ಆಳದ ಗಾಯ ವೇಗದ್ದು. 78 ಎಂದು ಕರೆಯುವ ತಟ್ಟೆಗಳೆಲ್ಲ 78ರಲ್ಲೇ ಕೆತ್ತಿದವಲ್ಲ. ಹಳೆಯವು ನಿಮಿಷಕ್ಕೆ ಎಪ್ಪತ್ತು ಸುತ್ತಿನಿಂದ ಎಂಬತ್ತರ ಮೇಲಿನವರೆಗೂ ಇದ್ದವು. 80ರಲ್ಲಿ ಕೆತ್ತಿದ್ದನ್ನು 78ರಲ್ಲಿ ತಿರುಗಿಸಿದರೆ ಶ್ರುತಿ 44 ಸೆಂಟ್ ಇಳಿಯುತ್ತದೆ, ಅಂದರೆ ಪಕ್ಕಪಕ್ಕದ ಎರಡು ಮನೆಗಳ ಸರಿಸುಮಾರು ನಡುವೆ; ಹಾರ್ಮೋನಿಯಮ್ಮಿನ ಬಿಳಿಯಲ್ಲೂ ಇಲ್ಲ, ಕಪ್ಪಿನಲ್ಲೂ ಇಲ್ಲ. ಗಾಂಧಾರಿ ಎಂಬ ಹೆಸರಿನಲ್ಲಿ 1930ರ ದಶಕದಲ್ಲಿ ಎಚ್‌ಎಂವಿಗೆ ಹಾಡಿದ ಗಂಗೂಬಾಯಿಯವರ ತೆಳುಕಂಠ, ಮುಂದೆ ಗಂಟಲ ಚಿಕಿತ್ಸೆಯ ನಂತರದ ಅವರ ಗಂಭೀರ ಕಂಠ, ಇವೆರಡರ ನಡುವಿನ ದೂರವನ್ನು ನಾವೆಲ್ಲ ತಟ್ಟೆ ಕೇಳಿಯೇ ಅಳೆಯುವುದು. ತಿರುಗುವ ವೇಗವೊಂದರಿಂದ ಆ ವ್ಯತ್ಯಾಸವನ್ನು ವಿವರಿಸಲಾಗದು, ನಿಜ. ಆದರೆ ಎಷ್ಟು ಭಾಗ ವಯಸ್ಸು, ಎಷ್ಟು ಭಾಗ ಮೋಟರು ಎಂದು ಹೇಳದ ವರ್ಗಾವಣೆಯನ್ನು ಇಟ್ಟುಕೊಂಡು ಕಂಠದ ಇತಿಹಾಸ ಬರೆಯುವುದು ಹೇಗೆ? 24/192ರ ಪ್ರತಿ ಈ ತಪ್ಪನ್ನು ತಿದ್ದುವುದಿಲ್ಲ. ಸೆಕೆಂಡಿಗೆ ಒಂದು ಲಕ್ಷ ತೊಂಬತ್ತೆರಡು ಸಾವಿರ ಸಲ ನಿಷ್ಠೆಯಿಂದ ಅಳೆದಿಡುತ್ತದೆ.

ಈ ಊರಿನ ಕನ್ನಡಿಗರ ಅಟ್ಟಗಳ ಮೇಲಿರುವ ಕ್ಯಾಸೆಟ್ಟುಗಳ ಗತಿಯೂ ಇದೇ. 1952ರಲ್ಲಿ ಶುರುವಾದ ಆಕಾಶವಾಣಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮವನ್ನು, ಧಾರವಾಡ ಕೇಂದ್ರದ ಪ್ರಸಾರಗಳನ್ನು ಮೀಡಿಯಂ ವೇವ್‌ನಿಂದ ಹಿಡಿದಿಟ್ಟ ಎಷ್ಟೋ ಸಂಗ್ರಹಗಳು ಈಗ 24/192ಕ್ಕೆ ಏರುತ್ತಿವೆ. ಮೀಡಿಯಂ ವೇವ್‌ನಲ್ಲಿ ಕೇಂದ್ರಗಳ ನಡುವಿನ ಅಂತರ 9 ಕಿಲೋಹರ್ಟ್ಸ್. ಮನೆಯ ರೇಡಿಯೋದಲ್ಲಿ ಸಂಗೀತಕ್ಕೆ ಸಿಗುತ್ತಿದ್ದದ್ದು ಐದರ ಒಳಗೆ. 192ರ ಫೈಲು 96 ಕಿಲೋಹರ್ಟ್ಸ್‌ವರೆಗೆ ಜಾಗ ಬಿಡುತ್ತದೆ. ಅರಮನೆ ಕಟ್ಟಿಸಿ ಒಂದು ಮೂಲೆಯ ಕೋಣೆಯನ್ನು ಬಾಡಿಗೆಗೆ ಕೊಟ್ಟಂತೆ. ಉಳಿದ ಕೋಣೆಗಳಲ್ಲಿ ಟೇಪಿನ ಹಿಸ್ ವಾಸಿಸುತ್ತದೆ, ಮತ್ತು ಅದನ್ನು ಹೊತ್ತು ತರಲು ಹಿಮಾಯತ್‌ನಗರದ ವೈಫೈ ತಿಣುಕುತ್ತದೆ. ಇಂಥ ಫೈಲು ಮುಗ್ಗರಿಸಿದಾಗ ಹೊಸ ರೌಟರ್ ತರುವ ಬದಲು 24/48ಕ್ಕೆ ಇಳಿಸಿ ನುಡಿಸಿ ಎಂದರೆ, ‘ಮೂಲವನ್ನು ಕೆಡಿಸುವುದೇ?’ ಎಂಬ ಆಘಾತ. ಮೂಲ ಹಾಗೇ ಇರಲಿ, ನುಡಿಸುವ ಪ್ರತಿ ಬೇರೆ ಇರಲಿ. ಸಂಗ್ರಹಾಲಯಗಳು ಮಾಡುವುದೂ ಇದನ್ನೇ.

ನಾನು ಕೇಳುವುದು ಇಷ್ಟು. ಸಂಗೀತ ಮಾರುವವರೂ, ಅಟ್ಟದ ಟೇಪು ಏರಿಸುವ ನನ್ನ ಗೆಳೆಯರೂ, ಫೈಲಿನ ಟ್ಯಾಗ್‌ನಲ್ಲಿ ಬರೆಯಲಿ: ಮೂಲ ತಟ್ಟೆಯೋ, ಟೇಪೋ, ರೇಡಿಯೋ ಹಿಡಿದದ್ದೋ, ಯಾವ ವೇಗದಲ್ಲಿ ತಿರುಗಿಸಲಾಯಿತು, ಗಾಯಕರ ಶ್ರುತಿಗೆ ಹೊಂದಿಸಲಾಯಿತೇ, ಹಿಸ್ ತೆಗೆದಿದ್ದಾರೆಯೇ, ತಬಲಾ ಯಾರದು, ಹಾರ್ಮೋನಿಯಂ ಯಾರದು, ಎಲ್ಲಿ ಕತ್ತರಿಸಿ ಎಲ್ಲಿ ಜೋಡಿಸಿದ್ದಾರೆ. ಕನ್ನಡದಲ್ಲೇ, ಒಂದೊಂದು ಸಂಕೇತಕ್ಕೆ ಮೂರು ಬೈಟು ತೆತ್ತು ಬರೆದರೂ ಒಂದು ಕಿಲೋಬೈಟಿನಲ್ಲಿ ಮುಗಿಯುತ್ತದೆ. ಅಡಕಿಸದ 24/192ರಲ್ಲಿ ಅದು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ ಸಂಗೀತ ಹಿಡಿಯುವ ಜಾಗ.